ಅದೃಷ್ಟದ ಬೊಕ್ಕಸ: ಮೈಸೂರು ರಾಜ್ಯ ಲಾಟರಿಯ ಹುಟ್ಟು ಮತ್ತು ಅಂತ್ಯ

ಕುಮಾರವ್ಯಾಸನ ಸಭಾಪರ್ವದ ದ್ಯೂತ ಪ್ರಸಂಗವನ್ನು ಪಾಠ ಮಾಡುತ್ತಿದ್ದ ದಿನ. ಧರ್ಮರಾಯ ಒಂದೊಂದಾಗಿ ಒಡ್ಡುತ್ತ ಸೋಲುತ್ತ ಹೋಗುವ ಭಾಗವನ್ನು ಮುಗಿಸಿದಾಗ ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸಾರ್, ಇಂಥ ಆಟದಲ್ಲಿ ಅರಮನೆಗೂ ಪಾಲು ಇರ್ತಿತ್ತಾ?" ಎಂದು ಕೇಳಿದಳು. ಪ್ರಶ್ನೆ ವಿಚಿತ್ರವೆನಿಸಿತು. ತರಗತಿ ಮುಗಿದ ಮೇಲೆ ವಿಚಾರಿಸಿದೆ. ಅವಳದು ರಾಮನಗರದ ರೇಷ್ಮೆ ನೂಲು ಬಿಚ್ಚುವ ಮನೆತನ. ಅವಳ ತಾತ ಲಾಟರಿಯ ಹುಚ್ಚಿನಲ್ಲಿ ನಾಲ್ಕು ಚರಕಗಳಲ್ಲಿ ಮೂರನ್ನು ಮಾರಿದ್ದರಂತೆ. ಮನೆಯಲ್ಲಿ ಈಗಲೂ ಅಜ್ಜಿ ಹೇಳುವ ಮಾತೊಂದಿದೆಯಂತೆ: ಕಳ್ಳರು ಕದ್ದಿದ್ದರೆ ಪೊಲೀಸರಿಗೆ ಹೇಳಬಹುದಿತ್ತು, ಸರ್ಕಾರವೇ ಮಾರಿದ ಚೀಟಿಗೆ ಯಾರ ಬಳಿ ದೂರು ಕೊಡುವುದು?

ಆ ಅಜ್ಜಿಯ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನವೇ ಈ ಬರಹ. ಕರ್ನಾಟಕದಲ್ಲಿ ಸರ್ಕಾರಿ ಲಾಟರಿಯ ಆಯುಷ್ಯ ಸುಮಾರು ನಾಲ್ಕು ದಶಕ. ಅದು ಏಕೆ ಹುಟ್ಟಿತು, ಸಾರ್ವಜನಿಕ ಬೊಕ್ಕಸಕ್ಕೆ ಏನನ್ನು ಕೊಟ್ಟಿತು, ಏಕೆ ನಿಂತಿತು ಎಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳೂ ತಿಳಿಯಬೇಕು. ಏಕೆಂದರೆ ದ್ಯೂತದ ಕುರಿತು ಭಾರತೀಯ ವಾಙ್ಮಯ ನಡೆಸಿದ ಸುದೀರ್ಘ ಚರ್ಚೆಯ ಆಧುನಿಕ ಅಧ್ಯಾಯವೇ ಈ ಲಾಟರಿ.

ಮೂರು ನಿಲುವುಗಳು

ಜೂಜಿನ ಬಗ್ಗೆ ಪ್ರಭುತ್ವ ಏನು ಮಾಡಬೇಕು ಎಂಬುದಕ್ಕೆ ನಮ್ಮ ಪ್ರಾಚೀನ ಗ್ರಂಥಗಳಲ್ಲಿ ಒಂದೇ ಉತ್ತರವಿಲ್ಲ. ಮನುಸ್ಮೃತಿ ದ್ಯೂತವನ್ನು ಬಹಿರಂಗ ಕಳ್ಳತನಕ್ಕೆ ಸಮನೆಂದು ಎಣಿಸಿ, ರಾಜನು ಅದನ್ನು ತನ್ನ ನಾಡಿನಿಂದ ಹೊರಹಾಕಬೇಕೆನ್ನುತ್ತದೆ. ಯಾಜ್ಞವಲ್ಕ್ಯ ಸ್ಮೃತಿ ರಾಜನ ಮೇಲ್ವಿಚಾರಣೆಯಲ್ಲಿ ನಡೆಯುವ ಆಟಕ್ಕೆ ಅವಕಾಶ ಕೊಡುತ್ತದೆ. ಕೌಟಿಲ್ಯ ಇನ್ನೂ ಮುಂದೆ ಹೋಗಿ 'ದ್ಯೂತಾಧ್ಯಕ್ಷ' ಎಂಬ ಅಧಿಕಾರಿಯನ್ನೇ ನೇಮಿಸುತ್ತಾನೆ. ಆಟ ಒಂದೇ ಗೊತ್ತಾದ ಸ್ಥಳದಲ್ಲಿ ನಡೆಯಬೇಕು. ಕವಡೆ ದಾಳಗಳನ್ನು ಅಧ್ಯಕ್ಷನೇ ಒದಗಿಸಬೇಕು. ಗೆದ್ದ ದ್ರವ್ಯದಲ್ಲಿ ನೂರಕ್ಕೆ ಐದು ಪಾಲು ರಾಜನಿಗೆ ಸಲ್ಲಬೇಕು. ದಾಳಗಳ ಬಾಡಿಗೆ, ನೆಲದ ಬಾಡಿಗೆ, ನೀರಿನ ಹಣ ಬೇರೆ. ಹೀಗೆ ಒಂದೆಡೆ ಸೇರಿಸುವುದರಿಂದ ಗುಪ್ತವಾಗಿ ಬದುಕುವ ಅಪರಾಧಿಗಳನ್ನು ಪತ್ತೆಹಚ್ಚಬಹುದೆಂಬ ಲೆಕ್ಕವೂ ಅಲ್ಲಿದೆ. ಆದ್ದರಿಂದ ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ನೇರ ಉತ್ತರ: ಹೌದು, ಅರ್ಥಶಾಸ್ತ್ರದ ಪ್ರಕಾರ ಅರಮನೆಗೆ ಪಾಲು ಇತ್ತು.

ಕನ್ನಡದ ಸಂದರ್ಭದಲ್ಲಿಯೂ ಈ ದ್ವಂದ್ವ ಕಾಣುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' ದಾಳದ ಆಟ, ಕವಡೆಯ ಆಟಗಳನ್ನು ರಾಜವಿನೋದಗಳ ಸಾಲಿನಲ್ಲಿ ವರ್ಣಿಸುತ್ತದೆ. ಇತ್ತ ಜೈನ ಶ್ರಾವಕಾಚಾರ ಪರಂಪರೆ ಸಪ್ತವ್ಯಸನಗಳನ್ನು ಎಣಿಸುವಾಗ ದ್ಯೂತವನ್ನೇ ಮೊದಲಿಗೆ ಇರಿಸುತ್ತದೆ. ಉಳಿದ ವ್ಯಸನಗಳಿಗೆ ಅದೇ ಬಾಗಿಲು ಎಂಬುದು ಅಲ್ಲಿನ ತಿಳಿವಳಿಕೆ. ಪಂಪ 'ನೆತ್ತ'ವೆಂದು ಕರೆಯುವ ಆಟ ಅರಮನೆಯೊಳಗೆ ವಿನೋದವಾಗಿ ಆರಂಭಗೊಂಡು ಸಭೆಯಲ್ಲಿ ವಿನಾಶವಾಗಿ ಮುಗಿಯುತ್ತದೆ.

ಹೀಗೆ ನಿಷೇಧ, ನಿಯಂತ್ರಣ, ಪಾಲುಗಾರಿಕೆ ಎಂಬ ಮೂರು ನಿಲುವುಗಳು ನಮ್ಮ ಮುಂದಿವೆ. ಸ್ವಾತಂತ್ರ್ಯಾನಂತರದ ಮೈಸೂರು–ಕರ್ನಾಟಕ ಸರ್ಕಾರ ಅರವತ್ತು ವರ್ಷಗಳೊಳಗೆ ಈ ಮೂರನ್ನೂ ಹಾದುಹೋಯಿತು. ಮೊದಲು ಜೂಜಿಗೆ ತೆರಿಗೆ ಹಾಕಿತು, ಅನಂತರ ತಾನೇ ಆಡಿಸಿತು, ಕೊನೆಗೆ ನಿಷೇಧಿಸಿತು.

ತೆರಿಗೆಯ ಕಾಲ

ಖಾಸಗಿ ಲಾಟರಿ ಬ್ರಿಟಿಷರ ಕಾಲದಿಂದಲೇ ಅಪರಾಧವಾಗಿತ್ತು. 1870ರಲ್ಲಿ ಭಾರತ ದಂಡ ಸಂಹಿತೆಗೆ ಸೇರಿಸಿದ 294ಎ ಕಲಮು ಸರ್ಕಾರದ ಅನುಮತಿಯಿಲ್ಲದೆ ಲಾಟರಿ ನಡೆಸುವ ಕಚೇರಿಗಳಿಗೆ ಶಿಕ್ಷೆ ವಿಧಿಸಿತು. ಆದರೆ ಕಾನೂನು ಮಾಡಿದವರೇ ಲಾಟರಿಯ ಹಣದ ರುಚಿ ಕಂಡವರು. ಇಂಗ್ಲೆಂಡಿನಲ್ಲಿ ಬಂದರುಗಳ ದುರಸ್ತಿಗಾಗಿ ಒಂದನೆಯ ಎಲಿಜಬೆತ್ ರಾಣಿ ಹೊರಡಿಸಿದ ಲಾಟರಿಯ ಡ್ರಾ 1569ರಲ್ಲಿ ನಡೆಯಿತು. ಬ್ರಿಟಿಷ್ ಮ್ಯೂಸಿಯಂ ಸ್ಥಾಪನೆಗೆ 1753ರಲ್ಲಿ ಲಾಟರಿಯಿಂದ ಹಣ ಎತ್ತಲಾಯಿತು. ಕಲ್ಕತ್ತೆಯ ಟೌನ್ ಹಾಲ್ ಎದ್ದು ನಿಂತದ್ದು ಲಾಟರಿಯ ಹಣದಿಂದ. 1817ರಲ್ಲಿ ಅಲ್ಲಿ ರಚನೆಯಾದ ಲಾಟರಿ ಸಮಿತಿ ನಗರದ ರಸ್ತೆ, ಕೆರೆಗಳ ಕೆಲಸ ಕೈಗೊಂಡಿತು. ಸಾರ್ವಜನಿಕ ಕಾಮಗಾರಿಗೆ ಲಾಟರಿ ಎಂಬ ಕಲ್ಪನೆ ನಮ್ಮ ದೇಶಕ್ಕೆ ಹೊಸದಾಗಿರಲಿಲ್ಲ.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಜನರನ್ನು ಸೆಳೆದದ್ದು ಪತ್ರಿಕೆಗಳ ಪದಬಂಧ ಸ್ಪರ್ಧೆಗಳು. ಚೀಟಿ ತುಂಬಿ, ಪ್ರವೇಶ ಶುಲ್ಕ ಕಟ್ಟಿ, ಸಂಪಾದಕರ ಬಳಿ ಮುಚ್ಚಿಟ್ಟ ಉತ್ತರಕ್ಕೆ ಹೊಂದಿದರೆ ಬಹುಮಾನ. ಇವುಗಳಲ್ಲಿ ಬಹಳ ಹೆಸರಾಗಿದ್ದ ಆರ್.ಎಂ.ಡಿ.ಸಿ. ಸ್ಪರ್ಧೆ ಬೆಂಗಳೂರಿನಿಂದ ಹೊರಡುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ವಾರಪತ್ರಿಕೆಯ ಮೂಲಕ ನಡೆಯುತ್ತಿತ್ತು. ಮೈಸೂರು ಸರ್ಕಾರ 1951ರಲ್ಲಿ ಲಾಟರಿ ಮತ್ತು ಬಹುಮಾನ ಸ್ಪರ್ಧೆಗಳ ನಿಯಂತ್ರಣ ಹಾಗೂ ತೆರಿಗೆ ಕಾಯ್ದೆಯನ್ನು ತಂದಿತು. ಬೊಂಬಾಯಿ ಸರ್ಕಾರ ತನ್ನ ಕಾಯ್ದೆಗೆ ತಿದ್ದುಪಡಿ ಮಾಡಿ ಹೊರರಾಜ್ಯದಲ್ಲಿ ಅಚ್ಚಾಗುವ ಪತ್ರಿಕೆಗಳ ಸ್ಪರ್ಧೆಗೂ ತೆರಿಗೆ ಹಾಕಿದಾಗ ವಿವಾದ ಸುಪ್ರೀಂ ಕೋರ್ಟಿಗೆ ಹೋಯಿತು.

1957ರ ಏಪ್ರಿಲ್‌ನಲ್ಲಿ ಬಂದ ಆ ತೀರ್ಪು ಸಾಹಿತ್ಯದ ವಿದ್ಯಾರ್ಥಿಗಳು ಓದಲೇಬೇಕಾದ ಒಂದು ದಾಖಲೆ. ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರು ಋಗ್ವೇದದ ಅಕ್ಷಸೂಕ್ತ, ಮಹಾಭಾರತ, ಮನು, ಯಾಜ್ಞವಲ್ಕ್ಯರನ್ನು ಪರಿಶೀಲಿಸಿ, ಜೂಜು ಸಂವಿಧಾನ ರಕ್ಷಿಸುವ ವ್ಯಾಪಾರವೇ ಅಲ್ಲ ಎಂದು ತೀರ್ಮಾನಿಸಿದರು. ಬೆಂಗಳೂರಿನಲ್ಲಿ ಅಚ್ಚಾದ ಒಂದು ಪದಬಂಧದಿಂದ ಹುಟ್ಟಿದ ವ್ಯಾಜ್ಯ ದೇಶದ ಜೂಜಿನ ಕಾನೂನಿಗೆ ತಳಹದಿಯಾಯಿತು. ಇದಾಗಿ ಹತ್ತು ಹನ್ನೆರಡು ವರ್ಷಗಳಲ್ಲಿ ರಾಜ್ಯ ಸರ್ಕಾರಗಳೇ ಟಿಕೆಟ್ ಮಾರಲು ನಿಂತವು.

ಸರ್ಕಾರವೇ ಮಾರಿದ ಚೀಟಿ

ಇದಕ್ಕೆ ಕಾರಣ ಬೊಕ್ಕಸದ ಸ್ಥಿತಿ. 1965–66ರ ಬರ, 1966ರ ರೂಪಾಯಿ ಅಪಮೌಲ್ಯ, ಪಂಚವಾರ್ಷಿಕ ಯೋಜನೆಗೇ ಮೂರು ವರ್ಷ ವಿರಾಮ: ರಾಜ್ಯಗಳ ಕೈಯಲ್ಲಿ ಹಣವಿರಲಿಲ್ಲ, ಜನರ ನಿರೀಕ್ಷೆ ಮಾತ್ರ ಬೆಳೆದಿತ್ತು. ಹೊಸ ತೆರಿಗೆ ಹಾಕಿದರೆ ವಿರೋಧ; ಹಾಕದಿದ್ದರೆ ಶಾಲೆ ಆಸ್ಪತ್ರೆಗಳಿಲ್ಲ. ಈ ಇಕ್ಕಟ್ಟಿನಲ್ಲಿ ಕೇರಳ ದಾರಿ ತೋರಿಸಿತು. ಅಲ್ಲಿನ ಹಣಕಾಸು ಸಚಿವ ಪಿ.ಕೆ. ಕುಂಞು ಅವರ ಸಲಹೆಯಂತೆ 1967ರ ನವೆಂಬರ್ 1ರಂದು ಒಂದು ರೂಪಾಯಿ ಬೆಲೆಯ ಟಿಕೆಟ್ ಮಾರಾಟಕ್ಕೆ ಬಂತು. 1968ರ ಜನವರಿ 26ರಂದು ಮೊದಲ ಡ್ರಾ. ಮೊದಲ ಬಹುಮಾನ 50,000 ರೂಪಾಯಿ. 1968ರಲ್ಲಿ ಅಣ್ಣಾದೊರೆಯವರ ಮದರಾಸು ಸರ್ಕಾರವೂ ಲಾಟರಿ ಆರಂಭಿಸಿತು. ಬಹುಮಾನ ಬಂದರೆ ಮನೆಗೆ, ಬಾರದಿದ್ದರೆ ನಾಡಿಗೆ ಎಂಬ ಅರ್ಥದ ಘೋಷಣೆ ಅಲ್ಲಿ ಮನೆಮಾತಾಯಿತು.

ಮೈಸೂರು ರಾಜ್ಯ ಲಾಟರಿ ಆರಂಭವಾದದ್ದು 1969ರಲ್ಲಿ, ಎಲಿಜಬೆತ್ ರಾಣಿಯ ಡ್ರಾ ನಡೆದು ಸರಿಯಾಗಿ ನಾಲ್ಕು ನೂರು ವರ್ಷಗಳಿಗೆ. ವೀರೇಂದ್ರ ಪಾಟೀಲರು ಆಗ ಮುಖ್ಯಮಂತ್ರಿ. ಹಣಕಾಸು ಖಾತೆ ರಾಮಕೃಷ್ಣ ಹೆಗಡೆಯವರ ಬಳಿ ಇತ್ತು. ಇದೇ ಹೆಗಡೆಯವರು ಮುಂದೆ 1983ರಲ್ಲಿ ಮುಖ್ಯಮಂತ್ರಿಯಾಗಿ ವಿಧಾನಸಭೆಗೆ ಆಯ್ಕೆಯಾದದ್ದು ನಮ್ಮ ಕನಕಪುರದಿಂದ. 1973ರಲ್ಲಿ ರಾಜ್ಯದ ಹೆಸರು ಬದಲಾದಂತೆ ಟಿಕೆಟ್ಟಿನ ಮೇಲಿನ ಹೆಸರೂ ಕರ್ನಾಟಕ ರಾಜ್ಯ ಲಾಟರಿ ಎಂದಾಯಿತು. ಟಿಕೆಟ್ ಮಾರಾಟದಲ್ಲಿ ಸರ್ಕಾರಿ ಉದ್ಯಮವಾದ ಎಂ.ಎಸ್.ಐ.ಎಲ್. ಪ್ರಮುಖ ಪಾತ್ರ ವಹಿಸಿತು.

ಆ ಟಿಕೆಟ್ಟಿಗೆ ಇದ್ದ ಗೌರವವನ್ನು ಇಂದಿನ ವಿದ್ಯಾರ್ಥಿಗಳು ಊಹಿಸಲಾರರು. ಸರ್ಕಾರದ ಲಾಂಛನ, ಅಧಿಕಾರಿಯ ಸಹಿ, ಬಣ್ಣದ ಅಚ್ಚು. ಜನ ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿಡುತ್ತಿದ್ದರು. ನನ್ನ ಬಾಲ್ಯದ ಚನ್ನಪಟ್ಟಣದಲ್ಲಿ ಸೈಕಲ್ಲಿಗೆ ಮೈಕು ಕಟ್ಟಿಕೊಂಡು ಬರುವವನ ಕೂಗು ಕೇಳಿದರೆ ಗೊಂಬೆ ಕಡೆಯುವವರು ಅರಗಿನ ಕೈಯನ್ನು ಒರೆಸಿಕೊಂಡು ಬಾಗಿಲಿಗೆ ಬರುತ್ತಿದ್ದರು. ಡ್ರಾ ಆದ ಮರುದಿನ ಬಸ್ ನಿಲ್ದಾಣದ ಪತ್ರಿಕೆ ಅಂಗಡಿಯ ಮುಂದೆ ಫಲಿತಾಂಶ ನೋಡುವವರ ಗುಂಪು. ಓದು ಬಾರದವರು ಶಾಲೆಯ ಹುಡುಗರ ಕೈಗೆ ಟಿಕೆಟ್ ಕೊಟ್ಟು ಅಂಕಿ ಹೋಲಿಸಿ ನೋಡಿಸುತ್ತಿದ್ದರು. ನಾನೂ ಹಲವರಿಗೆ ಓದಿ ಹೇಳಿದ್ದೇನೆ. 'ಇಲ್ಲ' ಎಂದು ಹೇಳುವುದೇ ನನ್ನ ಕೆಲಸವಾಗಿತ್ತು.

ಬೊಕ್ಕಸಕ್ಕೆ ಉಳಿದದ್ದೇನು?

ಲಾಟರಿಯ ಸಮರ್ಥಕರು ಮುಂದಿಡುವ ಮುಖ್ಯ ವಾದ ಸಾರ್ವಜನಿಕ ಹಿತದ್ದು: ಯಾರನ್ನೂ ಬಲವಂತಪಡಿಸದೆ, ಜನ ತಾವಾಗಿಯೇ ಕೊಟ್ಟ ಹಣದಿಂದ ಅಭಿವೃದ್ಧಿ ಕಾರ್ಯ. ಇದನ್ನು ಪರೀಕ್ಷಿಸಲು ಆಯವ್ಯಯದ ಲೆಕ್ಕ ಬರೆಯುವ ಕ್ರಮವನ್ನು ಅರಿಯಬೇಕು. ರಾಜ್ಯ ಲಾಟರಿಯ ಆದಾಯ 'ಸಂಕೀರ್ಣ ಸಾಮಾನ್ಯ ಸೇವೆಗಳು' ಎಂಬ ಶೀರ್ಷಿಕೆಯ ಕೆಳಗೆ ತೆರಿಗೆಯೇತರ ರಾಜಸ್ವವಾಗಿ ಸೇರುತ್ತದೆ. ಮಾರಾಟದ ಹಣವೆಲ್ಲ ಆದಾಯದ ಕಡೆ ಕಾಣುತ್ತದೆ. ಬಹುಮಾನ, ಏಜೆಂಟರ ಕಮಿಷನ್, ಅಚ್ಚು, ಜಾಹೀರಾತುಗಳು ವೆಚ್ಚದ ಕಡೆ ಬೇರೆಯಾಗಿ ಕಾಣುತ್ತವೆ. ಹೀಗಾಗಿ ಆದಾಯದ ಪುಟವನ್ನಷ್ಟೇ ನೋಡಿದವರಿಗೆ ಲಾಟರಿ ದೊಡ್ಡ ಕಾಮಧೇನುವಿನಂತೆ ತೋರುತ್ತದೆ. ಎರಡೂ ಪುಟಗಳನ್ನು ಕೂಡಿಸಿ ನೋಡಿದವರಿಗೆ ಕೈಯಲ್ಲಿ ಉಳಿದದ್ದು ಎಷ್ಟು ತೆಳುವೆಂಬುದು ತಿಳಿಯುತ್ತದೆ.

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಹತ್ತು ಲಕ್ಷ ಟಿಕೆಟ್‌ಗಳು, ತಲಾ ಒಂದು ರೂಪಾಯಿ. ಅರ್ಧ ಬಹುಮಾನಕ್ಕೆ, ಕಾಲು ಭಾಗ ಕಮಿಷನ್ ಮತ್ತು ಖರ್ಚಿಗೆ ಹೋದರೆ ಸರ್ಕಾರಕ್ಕೆ ಉಳಿಯುವುದು ಎರಡೂವರೆ ಲಕ್ಷ. ಅಂದರೆ ಒಂದು ರೂಪಾಯಿಯ ಶಾಲೆ ಕಟ್ಟಲು ಜನರಿಂದ ನಾಲ್ಕು ರೂಪಾಯಿ ಎತ್ತಬೇಕು. ಇಷ್ಟು ದುಬಾರಿಯಾಗಿ ವಸೂಲಾಗುವ ತೆರಿಗೆ ಇನ್ನೊಂದಿರಲಾರದು. ಮೇಲಾಗಿ ಆ ನಾಲ್ಕು ರೂಪಾಯಿ ಯಾರದು? ಕಾರಿನಲ್ಲಿ ಹೋಗುವವನೂ ಟಿಕೆಟ್ ಕೊಳ್ಳಬಹುದು. ಆದರೆ ಒಂದು ರೂಪಾಯಿ ಅವನ ದಿನದ ಆದಾಯದಲ್ಲಿ ಧೂಳಿನ ಕಣ, ನೂಲು ಬಿಚ್ಚುವವಳ ಆದಾಯದಲ್ಲಿ ಒಂದು ಹೊತ್ತಿನ ರಾಗಿ. ಹದಿನೇಳನೆಯ ಶತಮಾನದಲ್ಲೇ ಇಂಗ್ಲೆಂಡಿನ ಅರ್ಥಚಿಂತಕ ವಿಲಿಯಂ ಪೆಟಿ, ಲಾಟರಿ ಎಂಬುದು ತಮ್ಮ ಅದೃಷ್ಟದ ಬಗ್ಗೆ ಅತಿಯಾದ ನಂಬಿಕೆಯುಳ್ಳ ನತದೃಷ್ಟರ ಮೇಲಿನ ತೆರಿಗೆ ಎಂದು ಗುರುತಿಸಿದ್ದ. ಹೆಚ್ಚು ಟಿಕೆಟ್ ಕೊಂಡಷ್ಟೂ ಸೋಲು ಹೆಚ್ಚು ಖಚಿತವಾಗುತ್ತದೆಂದು ಆಡಂ ಸ್ಮಿತ್ 1776ರಲ್ಲಿ ತೋರಿಸಿದ್ದ.

ಆದರೂ ಇನ್ನೊಂದು ಮುಖವನ್ನು ಮರೆಯಬಾರದು. ಟಿಕೆಟ್ ಮಾರುವವರಲ್ಲಿ ಅಂಗವಿಕಲರು, ವೃದ್ಧರು, ಬೇರೆ ಕೆಲಸ ಸಿಗದವರು ಬಹಳ ಮಂದಿ ಇದ್ದರು; ಅವರ ಪಾಲಿಗೆ ಕಮಿಷನ್ನೇ ಸಂಬಳ. ಖಾಸಗಿ ಮಟ್ಕಾ ದಂಧೆಗೆ ಹೋಲಿಸಿದರೆ ಸರ್ಕಾರಿ ಡ್ರಾ ಬಹಿರಂಗವಾಗಿ ನಡೆಯುತ್ತಿತ್ತು, ಬಹುಮಾನ ಬಂದರೆ ಹಣ ಕೈಸೇರುತ್ತಿತ್ತು. ಜನ ಹೇಗೂ ಆಡುತ್ತಾರೆ, ಆಡುವುದಾದರೆ ಮೋಸವಿಲ್ಲದ ಕಟ್ಟೆಯಲ್ಲಿ ಆಡಲಿ ಎಂಬ ಕೌಟಿಲ್ಯನ ತರ್ಕಕ್ಕೆ ಇಲ್ಲಿಯೂ ಬಲವಿತ್ತು.

ಕಟ್ಟೆ ಒಡೆದದ್ದು

ಆ ತರ್ಕ ಮುರಿದದ್ದು ಲಾಟರಿಯ ಸ್ವರೂಪವೇ ಬದಲಾದಾಗ. ತಿಂಗಳಿಗೊಮ್ಮೆ ಕಾಯುವ ಆಟ ವಾರದ್ದಾಗಿ, ದಿನದ್ದಾಗಿ, ಕೊನೆಗೆ ಒಂದಂಕಿ ಲಾಟರಿಯಾಯಿತು. ಸೊನ್ನೆಯಿಂದ ಒಂಬತ್ತರವರೆಗೆ ಒಂದು ಅಂಕಿ ಹಿಡಿದರೆ ಸಂಜೆಯೊಳಗೆ ಫಲಿತಾಂಶ. ಹತ್ತರಲ್ಲಿ ಒಂದು ಸಾಧ್ಯತೆ ಕಣ್ಣಿಗೆ ಹತ್ತಿರವಾಗಿ ಕಾಣುವುದರಿಂದ ಸೋತವನು ಮತ್ತೆ ಮತ್ತೆ ಆಡುತ್ತಾನೆ. ಅಲ್ಲದೆ, ದೂರದ ಈಶಾನ್ಯ ರಾಜ್ಯಗಳ ಹೆಸರಿನ ಟಿಕೆಟ್‌ಗಳು ನಮ್ಮ ಪೇಟೆಗಳಿಗೆ ನುಗ್ಗಿದವು. ಸೋತ ಹಣದಲ್ಲಿ ನಾಡಿಗೆ ಪಾಲು ಎಂಬ ಸಮಾಧಾನವೂ ಹೋಯಿತು: ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಗಳಿಸಿದ ಕೂಲಿ ಎಲ್ಲಿಯ ಬೊಕ್ಕಸಕ್ಕೆ ಹರಿಯುತ್ತಿದೆಯೆಂದು ಕೊಂಡವನಿಗೇ ತಿಳಿಯದು.

ಹೊರಗಿನ ಲಾಟರಿಯನ್ನು ತಡೆಯಲು ರಾಜ್ಯಕ್ಕೆ ಅಧಿಕಾರವಿರಲಿಲ್ಲವೆ? ಇಲ್ಲಿದೆ ಈ ಇತಿಹಾಸದ ಕೀಲಿ. ಸಂವಿಧಾನದಲ್ಲಿ 'ಪಂದ್ಯ ಮತ್ತು ಜೂಜು' ರಾಜ್ಯಪಟ್ಟಿಯ 34ನೆಯ ವಿಷಯ. ಆದರೆ ಸರ್ಕಾರಗಳು ನಡೆಸುವ ಲಾಟರಿ ಕೇಂದ್ರಪಟ್ಟಿಯ 40ನೆಯ ವಿಷಯ. ಸಂಸತ್ತು 1998ರಲ್ಲಿ ಲಾಟರಿ ನಿಯಂತ್ರಣ ಕಾಯ್ದೆ ಮಾಡಿ ಒಂದಂಕಿ ಲಾಟರಿಯನ್ನು ನಿಷೇಧಿಸಿತು. ಟಿಕೆಟ್ ಮೇಲೆ ರಾಜ್ಯದ ಮುದ್ರೆಯಿರಬೇಕು, ಮಾರಾಟದ ಹಣ ರಾಜ್ಯದ ಸಾರ್ವಜನಿಕ ಲೆಕ್ಕಕ್ಕೆ ಸೇರಬೇಕು, ಡ್ರಾ ಆ ರಾಜ್ಯದೊಳಗೇ ನಡೆಯಬೇಕು ಎಂದು ವಿಧಿಸಿತು. ಅದರ 5ನೆಯ ಕಲಮು ಬೇರೆ ರಾಜ್ಯಗಳ ಲಾಟರಿಯನ್ನು ತಡೆಯುವ ಅಧಿಕಾರವನ್ನೂ ಕೊಟ್ಟಿತು. ಆದರೆ 1999ರ ಬಿ.ಆರ್. ಎಂಟರ್‌ಪ್ರೈಸಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ನೈತಿಕ ಷರತ್ತು ಹಾಕಿತು: ತಾನು ಲಾಟರಿ ನಡೆಸುವ ರಾಜ್ಯ ಪರರ ಲಾಟರಿಯನ್ನು ಜೂಜೆಂದು ತಡೆಯುವಂತಿಲ್ಲ. ತನ್ನದನ್ನು ಬಿಟ್ಟರೆ ಮಾತ್ರ ಪರರದನ್ನು ನಿಲ್ಲಿಸಬಹುದು.

ಕರ್ನಾಟಕ ಮೊದಲು ಮಧ್ಯಮಾರ್ಗ ಹಿಡಿಯಿತು. ಆನ್‌ಲೈನ್ ಯಂತ್ರಗಳ ಮುಂದೆ ಕೂಲಿಕಾರರ ಸಾಲು ಬೆಳೆಯುತ್ತಿದ್ದ ಕಾಲದಲ್ಲಿ, 2004ರ ಲಾಟರಿ ತೆರಿಗೆ ಕಾಯ್ದೆಯ ಮೂಲಕ ಹೊರರಾಜ್ಯಗಳ ಲಾಟರಿಗೂ ತೆರಿಗೆ ವಿಧಿಸಿತು. ಮೇಘಾಲಯ, ಸಿಕ್ಕಿಂ ಮೊದಲಾದ ರಾಜ್ಯಗಳು ಇದನ್ನು ಪ್ರಶ್ನಿಸಿದವು; ಹೈಕೋರ್ಟ್ ಅವುಗಳ ಪರ ತೀರ್ಪಿತ್ತಿತು. ಕೊನೆಗೆ 2022ರ ಮಾರ್ಚ್‌ನಲ್ಲಿ ನ್ಯಾಯಮೂರ್ತಿಗಳಾದ ಎಂ.ಆರ್. ಶಾ ಮತ್ತು ಬಿ.ವಿ. ನಾಗರತ್ನ ಅವರ ಪೀಠ, ಲಾಟರಿಯೂ ಜೂಜೇ ಆದ್ದರಿಂದ ರಾಜ್ಯಕ್ಕೆ ತೆರಿಗೆಯ ಅಧಿಕಾರವಿದೆ ಎಂದು ಹೇಳಿ ಕರ್ನಾಟಕದ ಕಾಯ್ದೆಯನ್ನು ಎತ್ತಿಹಿಡಿಯಿತು. ಆ ಹೊತ್ತಿಗೆ ಕರ್ನಾಟಕದಲ್ಲಿ ಲಾಟರಿ ನಿಂತು ಹದಿನೈದು ವರ್ಷಗಳಾಗಿದ್ದವು.

ರಾಜ್ಯದಲ್ಲಿ ಎಲ್ಲ ಬಗೆಯ ಲಾಟರಿಯನ್ನು ನಿಷೇಧಿಸಿದ್ದು 2007ರಲ್ಲಿ, ಎಚ್.ಡಿ. ಕುಮಾರಸ್ವಾಮಿಯವರ ಸರ್ಕಾರ. ಅವರು ಆಗ ರಾಮನಗರದ ಶಾಸಕರು. ಅದೇ ವರ್ಷ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಆಗಸ್ಟ್ 23ರಂದು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ಹೊಸ ಜಿಲ್ಲೆಯಾದವು. 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆದ ಈ ಜಿಲ್ಲೆ ಹುಟ್ಟಿದ್ದೇ ಲಾಟರಿಯಿಲ್ಲದ ಕರ್ನಾಟಕದಲ್ಲಿ. ಮಾರಾಟದ ಹೊಣೆ ಹೊತ್ತಿದ್ದ ಎಂ.ಎಸ್.ಐ.ಎಲ್. ಕೆಲವೇ ವರ್ಷಗಳಲ್ಲಿ ಮದ್ಯದ ಮಳಿಗೆಗಳನ್ನು ತೆರೆಯಿತು ಎಂಬುದನ್ನೂ ಇತಿಹಾಸಕಾರ ದಾಖಲಿಸಬೇಕು. ಬೊಕ್ಕಸ ಒಂದು ವ್ಯಸನವನ್ನು ಬಿಟ್ಟಾಗ ಇನ್ನೊಂದರತ್ತ ಹೊರಳಿದ್ದು ಇಲ್ಲಿ ಸ್ಪಷ್ಟವಾಗಿದೆ.

ನಿಷೇಧದ ಆಚೆ

ನಿಷೇಧದಿಂದ ಆಸೆ ಸಾಯಲಿಲ್ಲ. 2015ರಲ್ಲಿ ಅಕ್ರಮ ಒಂದಂಕಿ ಲಾಟರಿಯ ಜಾಲ ಬಯಲಾಗಿ ತನಿಖೆ ಸಿಬಿಐ ಕೈಗೆ ಹೋಯಿತು. ಗಡಿಯಾಚೆಯ ಕಾಸರಗೋಡಿನಲ್ಲಿ ಕನ್ನಡಿಗರು ಇಂದಿಗೂ ಕೇರಳದ ಟಿಕೆಟ್ ಕೊಳ್ಳುತ್ತಾರೆ. 2024ರ ಓಣಂ ಬಂಪರ್‌ನ 25 ಕೋಟಿ ರೂಪಾಯಿ ಬಂದದ್ದು ಕರ್ನಾಟಕದ ಒಬ್ಬ ಶ್ರಮಜೀವಿಗೆ. ಕೇರಳ 'ಕಾರುಣ್ಯ' ಹೆಸರಿನ ಲಾಟರಿಯ ಹಣವನ್ನು ಬಡರೋಗಿಗಳ ಚಿಕಿತ್ಸೆಗೆ ಮೀಸಲಿಟ್ಟು, ಲಾಟರಿಯ ಸಾರ್ವಜನಿಕ ಉದ್ದೇಶವನ್ನು ಕಣ್ಣಿಗೆ ಕಾಣುವಂತೆ ಮಾಡಿತು. ಕರ್ನಾಟಕದ ಲಾಟರಿ ಇದನ್ನು ಸಾಧಿಸಲಿಲ್ಲ. ಈ ಆಸ್ಪತ್ರೆ, ಈ ಶಾಲೆ ಲಾಟರಿಯದು ಎಂದು ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಬೆರಳಿಟ್ಟು ತೋರಿಸಿದವರನ್ನು ನಾನು ಕಂಡಿಲ್ಲ. ಹಣ ಸಾಮಾನ್ಯ ಬೊಕ್ಕಸದಲ್ಲಿ ಕರಗಿದ್ದರಿಂದ ಕೊಟ್ಟವನಿಗೆ ದಾನದ ತೃಪ್ತಿಯೂ ದಕ್ಕಲಿಲ್ಲ.

ಕೊನೆಯದಾಗಿ ಒಂದು ಪದದ ಮಾತು. 'ಅದೃಷ್ಟ' ಎಂದರೆ ಕಾಣದ್ದು. ನಮ್ಮ ದರ್ಶನಗಳಲ್ಲಿ ಅದು ಹಿಂದಿನ ಕರ್ಮದ ಕಾಣದ ಫಲ; ಎಂದರೆ ಕಾಣದಿದ್ದರೂ ಅದಕ್ಕೆ ಕಾರಣವುಂಟು, ಮಾಡಿದವನ ಹೊಣೆಯುಂಟು. ಲಾಟರಿ ಆ ಪದದಿಂದ ಹೊಣೆಯನ್ನು ತೆಗೆದು ಆಕಸ್ಮಿಕವನ್ನಷ್ಟೇ ಉಳಿಸಿತು. 'ಭಾಗ್ಯ' ಎಂಬ ಪದದ ಪಯಣ ಬೇರೆ. ಲಾಟರಿಯನ್ನು ನಿಷೇಧಿಸಿದ ಸರ್ಕಾರವೇ ಹೆಣ್ಣುಮಕ್ಕಳಿಗಾಗಿ 'ಭಾಗ್ಯಲಕ್ಷ್ಮಿ' ಯೋಜನೆ ತಂದಿತು. 2013ರಲ್ಲಿ 'ಅನ್ನಭಾಗ್ಯ' ಬಂತು. ಲಕ್ಷದಲ್ಲಿ ಒಬ್ಬನಿಗೆ ಸಿಗುವ ಭಾಗ್ಯ, ಅರ್ಹರೆಲ್ಲರಿಗೂ ಸಲ್ಲಬೇಕಾದ ಹಕ್ಕಿನ ಹೆಸರಾಯಿತು. ಆದರೂ ಹಕ್ಕನ್ನು ಭಾಗ್ಯವೆಂದೇ ಕರೆಯುವ ರೂಢಿ ಉಳಿದಿರುವುದು, ಪ್ರಭುತ್ವ ಇನ್ನೂ ಪ್ರಜೆಯನ್ನು ಚೀಟಿ ಹಿಡಿದು ನಿಂತವನಂತೆ ನೋಡುತ್ತಿದೆಯೇನೋ ಎಂಬ ಅನುಮಾನ ಹುಟ್ಟಿಸುತ್ತದೆ. ಈ ಪದಚರಿತ್ರೆ ಸಂಶೋಧಕರ ಕೈಗೆ ಬರಲಿ ಎಂಬುದು ನನ್ನ ಆಸೆ.

ಅಜ್ಜಿಯ ಪ್ರಶ್ನೆಗೆ ಮರಳೋಣ. ಸರ್ಕಾರವೇ ಮಾರಿದ ಚೀಟಿಯ ಮೇಲೆ ದೂರು ಕೊಡಲು ಠಾಣೆಯಿಲ್ಲ ಎಂಬುದು ನಿಜ. 1999ರ ತೀರ್ಪು ಹೇಳಿದ್ದು ಒಂದರ್ಥದಲ್ಲಿ ಆಕೆಯ ಮಾತನ್ನೇ: ತಾನು ಆಡಿಸುವವನಿಗೆ ಆಡಬೇಡಿರೆಂದು ಹೇಳುವ ಅಧಿಕಾರವಿಲ್ಲ. ಮುಂದಿನ ವಾರ ಆ ವಿದ್ಯಾರ್ಥಿನಿಗೆ ಇಷ್ಟನ್ನು ವಿವರಿಸಿದೆ. ಅವಳು ಕೇಳಿಸಿಕೊಂಡು, ಮಾರಿದ ಮೂರು ಚರಕಗಳಲ್ಲಿ ಒಂದನ್ನು ಅಜ್ಜಿ ಕೂಲಿ ಮಾಡಿ ಮರಳಿ ಕೊಂಡದ್ದನ್ನು ಹೇಳಿದಳು. ಅವಳ ಕಾಲೇಜಿನ ಶುಲ್ಕ ಬರುವುದು ಅದರಿಂದಲೇ.